ಯಕೃತ್ತನ್ನು ನುಂಗಿದ ಅಂಜೂರ

ಇಟಲಿಯ ಜನರು ಧೈರ್ಯಶಾಲಿಯನ್ನು ಹೊಗಳುವಾಗ ‘ಅವನಿಗೆ ಫೇಗತೊ ಇದೆ’ ಎನ್ನುವುದುಂಟು. ಫೇಗತೊ ಎಂದರೆ ಯಕೃತ್ತು. ಕನ್ನಡಿಗರು ಎದೆಯಲ್ಲಿ, ಗುಂಡಿಗೆಯಲ್ಲಿ ಕಾಣುವ ಕೆಚ್ಚನ್ನು ಅವರು ಇನ್ನೂ ಸ್ವಲ್ಪ ಕೆಳಗೆ ಕಂಡಿದ್ದಾರೆ. ಆದರೆ ಈ ವೀರಪದ ಹುಟ್ಟಿದ್ದು ರಣರಂಗದಲ್ಲಲ್ಲ, ಅಡುಗೆಮನೆಯಲ್ಲಿ!

ಇಟಾಲಿಯನ್ ಭಾಷೆಯ ತಾಯಿ ಲ್ಯಾಟಿನ್. ಅದರಲ್ಲಿ ಯಕೃತ್ತಿಗೆ ‘ಯೆಕುರ್’ ಎಂದು ಹೆಸರು. ಇದು ಸಂಸ್ಕೃತದ ‘ಯಕೃತ್’ ಶಬ್ದದ ಒಡಹುಟ್ಟು. ಹೋಲಿಕೆ ಕಿವಿಗೆ ಮಾತ್ರ ಕೇಳುವಂಥದಲ್ಲ. ಸಂಸ್ಕೃತದಲ್ಲಿ ಷಷ್ಠೀ ವಿಭಕ್ತಿ ಬಂದೊಡನೆ ಈ ಶಬ್ದ ‘ಯಕ್ನಃ’ ಎಂದಾಗಿ ನಕಾರವನ್ನು ತಳೆಯುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಈ ರೂಪವಿದೆ. ಲ್ಯಾಟಿನ್ನಿನಲ್ಲಿಯೂ ‘ಯೆಕುರ್’ ಎಂಬುದು ಷಷ್ಠಿಯಲ್ಲಿ ‘ಯೆಕಿನೊರಿಸ್’ ಆಗಿ ಅದೇ ನಕಾರವನ್ನು ತೋರುತ್ತದೆ. ಇಂಥ ವಿಲಕ್ಷಣ ನಡೆ ನೆರೆಮನೆಯಿಂದ ಕಡ ತಂದುದಲ್ಲ, ವಂಶಪಾರಂಪರ್ಯವಾಗಿ ಬಂದುದು. ಗ್ರೀಕರ ‘ಹೇಪರ್’ ಕೂಡ ಇದೇ ಮನೆತನದ್ದು.

ಇಷ್ಟು ಕುಲೀನವಾದ ಶಬ್ದ ಇಟಲಿಯ ಆಡುಮಾತಿನಿಂದ ಮರೆಯಾದುದೇಕೆ? ಅದಕ್ಕೆ ಕಾರಣ ಅಂಜೂರ.

ಪಶುಪಕ್ಷಿಗಳಿಗೆ ಅಂಜೂರವನ್ನು ತಿನ್ನಿಸಿ ಅವುಗಳ ಯಕೃತ್ತನ್ನು ಕೊಬ್ಬಿಸಿ ಉಣ್ಣುವುದು ಪ್ರಾಚೀನ ಭೋಗಿಗಳ ಶೋಕಿ. ಗ್ರೀಕರಲ್ಲಿ ಅಂಜೂರಕ್ಕೆ ‘ಸೂಕೊನ್’ ಎಂಬ ಹೆಸರಿದ್ದುದರಿಂದ ಆ ಭಕ್ಷ್ಯ ‘ಸೂಕೋತೊನ್’ ಎನಿಸಿತು. ರೋಮನರು ತಮ್ಮ ‘ಫೀಕುಸ್’, ಅಂದರೆ ಅಂಜೂರ, ಎಂಬ ಶಬ್ದದಿಂದ ಅದನ್ನು ‘ಯೆಕುರ್ ಫಿಕಾತುಮ್’ ಎಂದು ಅನುವಾದಿಸಿಕೊಂಡರು. ಹೆಣ್ಣುಹಂದಿಗೂ ಹೀಗೆಯೇ ಅಂಜೂರ ಉಣಿಸುವ ಕ್ರಮವನ್ನು ಭೋಜನಪ್ರಿಯ ಅಪಿಕಿಯುಸ್ ಕಂಡುಹಿಡಿದನೆಂದು ಕ್ರಿ. ಶ. 79ರಲ್ಲಿ ತೀರಿಕೊಂಡ ಪಂಡಿತ ಪ್ಲಿನಿ ಬರೆದಿದ್ದಾನೆ.

ಎರಡು ಪದಗಳ ಹೆಸರು ನಾಲಿಗೆಗೆ ಭಾರವಾಯಿತು. ಜನರು ‘ಯೆಕುರ್’ ಅನ್ನು ಕೈಬಿಟ್ಟು ‘ಫಿಕಾತುಮ್’ ಅನ್ನು ಉಳಿಸಿಕೊಂಡರು. ಬರಬರುತ್ತ ಅಂಜೂರದ ಮುಖವನ್ನೇ ಕಾಣದ ಪ್ರಾಣಿಯ ಯಕೃತ್ತೂ, ಕೊನೆಗೆ ಮನುಷ್ಯನ ಯಕೃತ್ತೂ ಅದೇ ಹೆಸರನ್ನು ಹೊತ್ತವು. ಅತಿಥಿಯಾಗಿ ಬಂದ ವಿಶೇಷಣ ಮನೆಯ ಯಜಮಾನನಾಯಿತು!

‘ಮಳೆ’ ‘ಕಾಲ’ಗಳು ಸೇರಿ ‘ಮಳೆಗಾಲ’ವಾಗುವಾಗ ಕಕಾರವು ಗಕಾರವಾಗುವಂತೆ ಇಲ್ಲಿಯೂ ಆಗಿ ‘ಫೇಗತೊ’ ರೂಪುಗೊಂಡಿತು. ಸ್ಪೇನಿನ ‘ಈಗದೊ’, ಫ್ರಾನ್ಸಿನ ‘ಫ್ವಾ’, ರುಮೇನಿಯದ ‘ಫಿಕಾತ್’ ಇದರ ಸೋದರರು. ಗ್ರೀಸಿನಲ್ಲಿಯೂ ಇಂದು ‘ಹೇಪರ್’ ಆಡುಮಾತಿನಲ್ಲಿಲ್ಲ. ಅಂಜೂರದಿಂದ ಹುಟ್ಟಿದ ‘ಸಿಕೋತಿ’ ಇದೆ.

ಹಾಗೆಂದು ಹಳೆಯ ವಂಶ ನಿರ್ನಾಮವಾಗಲಿಲ್ಲ. ಯಕೃತ್ತಿನ ಉರಿಯೂತವನ್ನು ಇಟಲಿಯ ವೈದ್ಯರು ‘ಎಪತೀತೆ’ ಎನ್ನುತ್ತಾರೆ. ಇಲ್ಲಿಯ ಆಸ್ಪತ್ರೆಗಳಲ್ಲಿ ಕೇಳಿಬರುವ ‘ಹೆಪಟೈಟಿಸ್’ ಅದೇ. ಎರಡರ ಮೂಲವೂ ‘ಹೇಪರ್’. ಬಾಣಸಿಗನು ‘ಯೆಕುರ್’ ಅನ್ನು ಮುಂಬಾಗಿಲಿನಿಂದ ಹೊರದೂಡಿದರೆ, ವೈದ್ಯನು ಅದರ ಸೋದರಿಯನ್ನು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆತಂದಿದ್ದಾನೆ.