ಮೋರಿಯಾದ ಬಾವಿಯೊಳಗೆ ಬಡಿದ ಸುತ್ತಿಗೆ ಯಾರದು?

ಚಿಕ್ಕಬಾಣಾವರ: ಆಂಗ್ಲ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೊದಲ ಸಂಪುಟ ಪ್ರಕಟವಾದದ್ದು 1954ರಲ್ಲಿ. ಏಳು ದಶಕಗಳು ಕಳೆದರೂ ಅದರಲ್ಲಿ ಕೇಳಿಬರುವ ಒಂದು ಸಣ್ಣ ಸದ್ದಿನ ಕುರಿತು ಓದುಗರ ಚರ್ಚೆ ನಿಂತಿಲ್ಲ. ಆ ಸದ್ದಿಗೆ ಸಾಮಾನ್ಯವಾಗಿ ಕೊಡುವ ಅರ್ಥ ಒಂದು. ಕೋಲಾರದ ಚಿನ್ನದ ಗಣಿಯ ಇತಿಹಾಸ ಬಲ್ಲವರಿಗೆ ಹೊಳೆಯುವ ಅರ್ಥ ಮತ್ತೊಂದು.

ಪ್ರಸಂಗ ಹೀಗಿದೆ. ಒಂಬತ್ತು ಮಂದಿ ಪಯಣಿಗರು ಪರ್ವತದಡಿಯ ಮೋರಿಯಾ ಎಂಬ ಪಾಳುಬಿದ್ದ ಗಣಿನಗರದ ಮೂಲಕ ಸಾಗುತ್ತಿದ್ದಾರೆ. ಅದು ಒಂದು ಕಾಲಕ್ಕೆ ಗಣಿಗಾರಿಕೆಯಲ್ಲಿ ನಿಪುಣರಾದ ಕುಬ್ಜರ ರಾಜಧಾನಿ. ‘ಮಿತ್ರಿಲ್’ ಎಂಬ ಅಪೂರ್ವ ಲೋಹಕ್ಕಾಗಿ ಅತಿ ಆಳಕ್ಕೆ ಅಗೆದು, ಅಲ್ಲಿ ಮಲಗಿದ್ದ ಬಾಲ್‌ರಾಗ್ ಎಂಬ ಬೆಂಕಿಯ ದೈತ್ಯನನ್ನು ಎಬ್ಬಿಸಿ ಅವರು ನೆಲೆ ಕಳೆದುಕೊಂಡಿದ್ದರು. ಪಯಣಿಗರು ರಾತ್ರಿ ತಂಗಿದ ಕಾವಲು ಕೋಣೆಯಲ್ಲಿ ಬಾಯ್ತೆರೆದ ಬಾವಿಯೊಂದಿದೆ. ತಂಡದ ಕಿರಿಯ ಪಿಪ್ಪಿನ್ ಕುತೂಹಲ ತಡೆಯಲಾರದೆ ಅದಕ್ಕೆ ಕಲ್ಲೊಂದನ್ನು ಹಾಕುತ್ತಾನೆ. ಅವನ ಎದೆ ಹಲವು ಬಾರಿ ಬಡಿದ ಮೇಲೆ ಕೆಳಗೆ ನೀರಿನ ಸದ್ದಾಗುತ್ತದೆ. ಕೆಲವು ನಿಮಿಷಗಳ ಮೌನ. ಬಳಿಕ ಆಳದಿಂದ ಯಾರೋ ತಟ್ಟುತ್ತಿರುವಂತಹ ಮಂದವಾದ ಸದ್ದು ಲಯಬದ್ಧವಾಗಿ ಕೇಳಿಸಿ, ಮತ್ತೊಮ್ಮೆ ಮರುಕಳಿಸಿ, ನಿಂತುಹೋಗುತ್ತದೆ.

(ಆ ಬಾವಿಯ ಆಳವನ್ನು ಅಂದಾಜು ಮಾಡಬಹುದು. ಎದೆ ಐದು ಬಾರಿ ಬಡಿಯಲು ಸುಮಾರು 4 ಸೆಕೆಂಡು ಬೇಕು. ಕಲ್ಲು ಬೀಳುವ ವೇಗ ಹಾಗೂ ಸದ್ದು ಮೇಲೆ ಬರುವ ಸಮಯ ಎರಡನ್ನೂ ಲೆಕ್ಕಹಾಕಿದರೆ ಸುಮಾರು 70 ಮೀಟರ್, ಅಂದರೆ 230 ಅಡಿ. ಸಾವಿರ ಅಡಿ ಕೊಳವೆಬಾವಿ ಕೊರೆಸುವ ಉತ್ತರ ಬೆಂಗಳೂರಿನವರಿಗೆ ಇದೇನೂ ಆಳವೆನಿಸದು.)

2001ರ ಡಿಸೆಂಬರ್‌ನಲ್ಲಿ ತೆರೆಕಂಡ ಪೀಟರ್ ಜಾಕ್ಸನ್ ಅವರ ಚಲನಚಿತ್ರವನ್ನು ಮಾತ್ರ ನೋಡಿದವರಿಗೆ ಈ ಸದ್ದಿನ ಪರಿಚಯವೇ ಇರಲಾರದು. ಅಲ್ಲಿ ಕಲ್ಲಿನ ಬದಲು ಅಸ್ಥಿಪಂಜರವೊಂದು ಗಡಗಡನೆ ಬಾವಿಗೆ ಉರುಳುತ್ತದೆ. ಅದರ ಹಿಂದೆಯೇ ಶತ್ರುಗಳ ನಗಾರಿ ಮೊಳಗುತ್ತದೆ. ಪುಸ್ತಕದಲ್ಲಾದರೋ ನಗಾರಿ ಬೇರೆ, ತಟ್ಟುವ ಸದ್ದು ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಗೊಂದಲ ಉಂಟಾಗಿದೆ ಎಂದು ತೋರುತ್ತದೆ.

ಪ್ರಚಲಿತ ವ್ಯಾಖ್ಯಾನದ ಪ್ರಕಾರ ಅದು ಮೋರಿಯಾದಲ್ಲಿ ಬೀಡುಬಿಟ್ಟಿದ್ದ ಆರ್ಕ್ ಎಂಬ ರಕ್ಕಸರ ಕಾವಲುಗಾರರು ಪರಸ್ಪರ ಕೊಟ್ಟ ಎಚ್ಚರಿಕೆ. ಬಾಲ್‌ರಾಗ್ ಎಚ್ಚೆತ್ತ ಸೂಚನೆ ಎನ್ನುವವರೂ ಉಂಟು. ಆದರೆ ಕಾದಂಬರಿಯೊಳಗೇ ಆ ಸದ್ದನ್ನು ಗುರುತಿಸುವ ಪಾತ್ರವೊಂದಿದೆ. ಅದು ತಂಡದಲ್ಲಿದ್ದ ಏಕೈಕ ಕುಬ್ಜ ಗಿಮ್ಲಿ. ಅದು ಸುತ್ತಿಗೆಯ ಸದ್ದೇ ಎಂದು ಆತ ನಿಸ್ಸಂದೇಹವಾಗಿ ಹೇಳುತ್ತಾನೆ. ಮಾಂತ್ರಿಕ ಗ್ಯಾಂಡಾಲ್ಫ್ ಅದನ್ನು ಅಲ್ಲಗಳೆಯುವುದಿಲ್ಲ. ತನಗೆ ಅದು ಹಿಡಿಸಲಿಲ್ಲ ಎನ್ನುತ್ತಾನೆ. ಒಂದೇ ಸದ್ದು, ಕೇಳಿದ ಕಿವಿಗಳು ಎರಡು.

ಗಣಿಯೊಳಗೆ ತಟ್ಟುವ ಸದ್ದಿಗೆ ಎರಡು ಅರ್ಥಗಳಿರುವುದು ಹೊಸತಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರದ ಗಣಿಗರು ನೆಲದಡಿಯಲ್ಲಿ ‘ನಾಕರ್’ ಎಂಬ ಗಿಡ್ಡ ಭೂತಗಳು ವಾಸಿಸುತ್ತವೆಂದು ನಂಬಿದ್ದರು. ಗೋಡೆಯ ಆಚೆಯಿಂದ ಟಕ್ ಟಕ್ ಎಂದು ಕೇಳಿದರೆ ಅದು ಅವುಗಳದೇ ಕೆಲಸ. ಗಣಿ ಕುಸಿಯುವಂತೆ ಮಾಡುವುದು ಅವೇ ಎಂದು ಕೆಲವರು ಹೆದರಿದರೆ, ಕುಸಿಯುವ ಮುನ್ನ ಎಚ್ಚರಿಸುವ ಉಪಕಾರಿಗಳೆಂದು ಇನ್ನು ಕೆಲವರು ಬುತ್ತಿಯ ತುಣುಕನ್ನು ಅವುಗಳಿಗೆಂದು ಬಿಟ್ಟು ಬರುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಕಾರ್ನ್‌ವಾಲಿನವರು ಈ ನಂಬಿಕೆಯನ್ನೂ ಜೊತೆಗೆ ಒಯ್ದರು.

ಅದೇ ಕಾರ್ನ್‌ವಾಲಿನ ಗಣಿಗರು ನಮ್ಮ ರಾಜ್ಯಕ್ಕೂ ಬಂದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಗಣಿಗಳ ಆಡಳಿತ ಕೈಗೆತ್ತಿಕೊಂಡ ಬಳಿಕ ಅವರ ಅನುಭವವನ್ನು ಇಲ್ಲಿ ಬಳಸಿಕೊಳ್ಳಲಾಯಿತು. ಬಂಡೆಯ ಮುಂದೆ ನಿಂತು ದುಡಿದವರಲ್ಲಿ ಹೆಚ್ಚಿನವರು ತಮಿಳು ಮತ್ತು ತೆಲುಗು ಸೀಮೆಯ ಕಾರ್ಮಿಕರು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು.

ಅಷ್ಟು ಆಳದಲ್ಲಿ ಭಯ ಹುಟ್ಟಿಸಲು ಭೂತ ಬೇಕಿರಲಿಲ್ಲ. ಮೇಲಿನ ಬಂಡೆಯ ಅಪಾರ ಭಾರ ಕೆಳಗಿನ ಶಿಲೆಯನ್ನು ಅದುಮಿಟ್ಟಿರುತ್ತದೆ. ಅದಿರು ತೆಗೆದು ಜಾಗ ಖಾಲಿ ಮಾಡಿದೊಡನೆ ಆ ಭಾರ ಅಕ್ಕಪಕ್ಕದ ಗೋಡೆಗಳಿಗೆ ವರ್ಗವಾಗುತ್ತದೆ. ಶಿಲೆ ಒಳಗೊಳಗೇ ಬಿರಿಯುತ್ತ ಚಟಚಟ ಸದ್ದು ಮಾಡಬಹುದು. ತಾಳಲಾರದಾದಾಗ ಒಮ್ಮೆಗೇ ಸಿಡಿಯುತ್ತದೆ. ತಜ್ಞರು ಇದನ್ನು ‘ರಾಕ್ ಬರ್ಸ್ಟ್’ ಎಂದರೆ, ಕೆಜಿಎಫ್‌ನ ಕಾರ್ಮಿಕರ ಬಾಯಲ್ಲಿ ಅದು ‘ಏರ್ ಬ್ಲಾಸ್ಟ್’. ಇದಕ್ಕೆ ಅನೇಕರು ಬಲಿಯಾದರು. ದೊಡ್ಡ ಸಿಡಿತಗಳಾದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು. ಶಿಲೆಯ ಸದ್ದನ್ನು ಆಲಿಸುವುದೇ ಒಂದು ಶಾಸ್ತ್ರವಾಗಿ ಬೆಳೆದು, ಭೂಮಿಯೊಳಗೆ ಸೂಕ್ಷ್ಮ ಕಂಪನಮಾಪಕಗಳನ್ನು ಅಳವಡಿಸಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲಿಯೇ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬತೊಡಗಿದ ಮೇಲೂ ಕಂಪನಗಳು ದಾಖಲಾದವು. ಮನುಷ್ಯರು ತೊರೆದ ಗಣಿಯೂ ಸದ್ದು ಮಾಡಬಲ್ಲದು ಎಂಬುದು ಹೀಗೆ ಕಾದಂಬರಿಯ ಮಾತಷ್ಟೇ ಅಲ್ಲ.

ಹಾಗಾದರೆ ಮೋರಿಯಾದಲ್ಲಿ ಕೇಳಿಸಿದ್ದು ಬಂಡೆ ಬಿರಿದ ಸದ್ದೆ? ಹಾಗೆನ್ನುವುದು ಕಷ್ಟ. ಬಂಡೆಗೆ ತಾಳವಿಲ್ಲ. ಕೇಳಿಸಿದ್ದು ಲಯವುಳ್ಳ, ಒಂದಕ್ಕೊಂದು ಉತ್ತರ ಕೊಡುವಂತಹ ಪೆಟ್ಟು. ಅದರ ಹಿಂದೆ ಕೈಯೊಂದು ಇರಲೇಬೇಕು. ಕೈಯ ಪೆಟ್ಟಿನ ಗುರುತೂ ಗಣಿಗಳಲ್ಲಿ ಸ್ಪಷ್ಟವಾಗಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಗಟ್ಟಿ ಶಿಲೆಯಲ್ಲಿ, ಉಕ್ಕಿನಲ್ಲಿ ಸಾವಿರಾರು ಮೀಟರ್ ಸಾಗುತ್ತದೆ. ಚಿಕ್ಕಬಾಣಾವರ ಜಂಕ್ಷನ್ನಿನಂತಹ ಕಡೆ ರೈಲ್ವೆಯ ಕೀಮ್ಯಾನ್ ಸುತ್ತಿಗೆಯಿಂದ ಹಳಿಗೆ ಬಡಿದಾಗ ಕಬ್ಬಿಣದ ಗುಂಟ ಅದು ಎಷ್ಟು ದೂರ ಹರಿಯುವುದೆಂದು ಹಳಿಯ ಪಕ್ಕ ಬೆಳೆದವರಿಗೆ ಗೊತ್ತು. ಆದ್ದರಿಂದಲೇ ನೆಲದಡಿ ಸಿಲುಕಿದವನಿಗೆ ಕೂಗುವುದಕ್ಕಿಂತ ತಟ್ಟುವುದು ಮೇಲು. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್ ಗಣಿಗೆ ನೀರು ನುಗ್ಗಿ ಒಂಬತ್ತು ಮಂದಿ ಸಿಲುಕಿದ್ದರು. ರಕ್ಷಕರು ಮೇಲಿನಿಂದ ಇಳಿಸಿದ ಕೊಳವೆಯನ್ನು ತಟ್ಟಿದಾಗ ಕೆಳಗಿನಿಂದ ಒಂಬತ್ತು ಪೆಟ್ಟುಗಳು ಮರುದನಿಸಿದವು. ಒಂಬತ್ತೂ ಜನ ಬದುಕಿ ಮೇಲೆ ಬಂದರು.

ಈ ಹಿನ್ನೆಲೆಯಿಟ್ಟುಕೊಂಡು ಗಿಮ್ಲಿಯ ಮಾತನ್ನು ಮತ್ತೆ ಓದಬೇಕು. ಕಾದಂಬರಿಯ ಕಾಲಗಣನೆಯಂತೆ ಆ ರಾತ್ರಿಗೆ 30 ವರ್ಷ ಮೊದಲು ಗಿಮ್ಲಿಯ ಬಂಧು ಬಾಲಿನ್ ಒಂದು ತಂಡ ಕಟ್ಟಿಕೊಂಡು ಮೋರಿಯಾವನ್ನು ಮರಳಿ ಪಡೆಯಲು ಬಂದಿದ್ದ. ಕೆಲಕಾಲ ಸುದ್ದಿ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಐದೇ ವರ್ಷದಲ್ಲಿ ಆ ತಂಡ ನಾಶವಾದದ್ದು ಗಿಮ್ಲಿಗೆ ಬಾವಿಯ ಬಳಿ ಕುಳಿತಾಗ ಇನ್ನೂ ತಿಳಿದಿಲ್ಲ. ಕುಬ್ಜನ ಕಿವಿಗೆ ಸುತ್ತಿಗೆಯೆಂದರೆ ಕಸುಬು, ತನ್ನವರ ಇರವು. ಉಳಿದವರಿಗೆ ಶತ್ರುವಿನ ಸುಳಿವಾಗಿ ಕೇಳಿಸಿದ್ದು ಅವನಿಗೆ ಅರೆಗಳಿಗೆಯಾದರೂ ಬಾಲಿನ್ ಬದುಕಿರುವನೆಂಬ ಆಸೆಯಾಗಿ ಕೇಳಿಸಿರಬಹುದು. ಟೋಲ್ಕಿನ್ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಸದ್ದನ್ನು ಗುರುತಿಸುವ ಮಾತನ್ನು ಬೇರೆ ಯಾರಿಗೂ ಕೊಡದೆ ಗಿಮ್ಲಿಗೇ ಕೊಟ್ಟಿರುವುದನ್ನು ಕಡೆಗಣಿಸುವಂತಿಲ್ಲ. ಬಡಿದದ್ದು ಆರ್ಕ್‌ಗಳೇ ಆಗಿದ್ದರೂ ಈ ಓದಿಗೆ ಧಕ್ಕೆಯಿಲ್ಲ. ಆಗ ಅವನ ಆಸೆ ಇನ್ನಷ್ಟು ಕರುಣಾಜನಕವಾಗುತ್ತದೆ.

ಅವರಿಗೆ ಬಾಲಿನ್‌ನ ಸಮಾಧಿ ಕಂಡದ್ದು ಆಮೇಲೆ. ಪಕ್ಕದಲ್ಲೇ ದೊರೆತ ಹರಿದ ದಿನಚರಿಯ ಕೊನೆಯ ಸಾಲುಗಳಲ್ಲಿ ನಗಾರಿಯ ಉಲ್ಲೇಖವಿದೆ, ಸುತ್ತಿಗೆಯದಿಲ್ಲ. ಕಲ್ಲೆಸೆದ ತಪ್ಪಿಗೆ ಆ ರಾತ್ರಿಯ ಮೊದಲ ಪಹರೆ ಪಿಪ್ಪಿನ್‌ನ ಪಾಲಿಗೆ ಬಂತು. ಬಾವಿಯಿಂದ ಏನೋ ಹತ್ತಿ ಬರುತ್ತದೆಂದು ಹೆದರುತ್ತ, ಕತ್ತಲಲ್ಲಿ ಕಿವಿಗೊಟ್ಟು ಅವನು ಕುಳಿತ. ಸದ್ದು ಮತ್ತೆ ಬರಲಿಲ್ಲ.