ಚೆಂಡಿಗೆ ಕಾಲು ತಾಗುವ ಮುಂಚೆ

ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಫುಟ್‌ಬಾಲ್ ಆಟಗಾರ ಪೆಲೆಯದೂ ಒಂದಿದೆ. ವಿಶ್ವಕಪ್ ಬಂತೆಂದರೆ ಈ ‘ಮಿನಿ ಬ್ರೆಜಿಲ್’ ಹಳದಿ-ಹಸಿರಾಗುತ್ತದೆ. ಇಂಥ ಕಡೆ ಟೂರ್ನಿಯ ಪೋಸ್ಟರ್ ಬರೆಯುವುದು ಸುಲಭವಲ್ಲ. ಆಟಗಾರ ನಿಂತು ಫೋಟೊ ತೆಗೆಸಿಕೊಂಡಂತೆ ಕಂಡರೆ ಆಟ ಬಲ್ಲವರು ತಕ್ಷಣ ಗುರುತಿಸುತ್ತಾರೆ.

ಬೆನ್ನ ಹಿಂದೆ ನಾಲ್ಕು ಗೆರೆ ಎಳೆದ ಮಾತ್ರಕ್ಕೆ ವೇಗ ಬರುವುದಿಲ್ಲ. ಯಾವ ಕ್ಷಣವನ್ನು ಹಿಡಿಯಬೇಕು ಎಂಬುದೇ ಮುಖ್ಯ. ಒದ್ದಾದ ಮೇಲಿನ ಚಿತ್ರದಲ್ಲಿ ಕೆಲಸ ಮುಗಿದಿರುತ್ತದೆ. ಒದೆಯುವ ಮುಂಚಿನದರಲ್ಲಿ ಉಳಿದದ್ದನ್ನು ನೋಡುವವರ ಕಣ್ಣೇ ಪೂರ್ತಿ ಮಾಡುತ್ತದೆ. ಎಡಗಾಲು ಚೆಂಡಿನ ಪಕ್ಕದಲ್ಲಿ ಊರಿದೆ, ಬಲಗಾಲು ಮಂಡಿ ಮಡಚಿ ಹಿಂದಕ್ಕೆ ಹೋಗಿದೆ, ಎಡಗೈ ಹೊರಕ್ಕೆ ಚಾಚಿದೆ. ಭುಜ ಒಂದು ದಿಕ್ಕಿಗೆ, ಸೊಂಟ ಇನ್ನೊಂದು ದಿಕ್ಕಿಗೆ ತಿರುಚಿಕೊಂಡು, ಅಂಗಿಯ ನೆರಿಗೆಗಳು ಭುಜದಿಂದ ಸೊಂಟಕ್ಕೆ ಓರೆಯಾಗಿ ಬಿಗಿದಿವೆ. ಆ ನೆರಿಗೆಗಳನ್ನು ನೆಟ್ಟಗೆ ಇಳಿಬಿಟ್ಟರೆ ಇಡೀ ದೇಹ ನಿಂತುಬಿಡುತ್ತದೆ.

ಹೀಗೆ ಬರೆಯಲು ತಕ್ಕ ಆಟಗಾರರು ನಮ್ಮಲ್ಲೇ ಇದ್ದರು. 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ನಮ್ಮ ಗೋಲು ಹೊಡೆದವರು ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದ ಆ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಅವರನ್ನು ಯಾರಾದರೂ ಗೋಡೆಯ ಮೇಲೆ ಬರೆಯಬೇಕು. ಬೂಟು ಮರೆಮಾಡುವ ಹಿಮ್ಮಡಿಯ ಸೆಳೆತ, ನೆಲ ಕಚ್ಚಿದ ಬೆರಳು ಎಲ್ಲವೂ ಅಲ್ಲಿ ಬಣ್ಣಕ್ಕೆ ದಕ್ಕುತ್ತವೆ.

ಚಲನೆ ಕಾಣಿಸಲು ನಿಜವಾದ ಆಟದ ಭಂಗಿಯೇ ಬೇಕೆಂದೇನಿಲ್ಲ. ನೈಕಿಯ ‘ಜಂಪ್‌ಮ್ಯಾನ್’ ಗುರುತಿನಲ್ಲಿ ಮೈಕೆಲ್ ಜೋರ್ಡನ್ ಕಾಲು ಅಗಲಿಸಿ ಹಾರುವ ಭಂಗಿ ಬಂದದ್ದು ಬ್ಯಾಲೆ ನೃತ್ಯದಿಂದ. 1984ರಲ್ಲಿ ‘ಲೈಫ್’ ಪತ್ರಿಕೆಗಾಗಿ ಛಾಯಾಗ್ರಾಹಕ ಕೋ ರೆಂಟ್‌ಮೀಸ್ಟರ್ ಜೋರ್ಡನ್‌ರನ್ನು ಹಾಗೆ ಜಿಗಿಸಿದ್ದರು. ಇಂದಿರಾನಗರದ ನೂರಡಿ ರಸ್ತೆಯ ಅಂಗಡಿ ಬೋರ್ಡಿನಲ್ಲಿ ಕಾಣುವ ಪ್ಯೂಮಾದ ಚಿರತೆಯಂಥ ಪ್ರಾಣಿಯನ್ನು 1960ರ ದಶಕದ ಕೊನೆಯಲ್ಲಿ ಬರೆದವರು ಜರ್ಮನಿಯ ವ್ಯಂಗ್ಯಚಿತ್ರಕಾರ ಲುಟ್ಸ್ ಬಾಕೆಸ್. ಅದರಲ್ಲಿ ಕಣ್ಣಿಲ್ಲ, ಮೀಸೆಯಿಲ್ಲ, ನೆಲವೂ ಇಲ್ಲ. ಓರೆಯಾಗಿ ಚಾಚಿದ ಒಂದು ಮೈ, ಅಷ್ಟೇ. ಆದರೂ ಜಿಗಿತ ತಪ್ಪದೆ ಕಾಣುತ್ತದೆ.

ಹಳೆ ಮದ್ರಾಸ್ ರಸ್ತೆಯ ಬದಿಯ ಜಾಹೀರಾತಿಗೆ ಇನ್ನೊಂದು ಸವಾಲಿದೆ. ವಾಹನ ಓಡುತ್ತಿದ್ದರೆ ಚಿತ್ರಕ್ಕೆ ಸಿಗುವುದು ಎರಡು ಮೂರು ಸೆಕೆಂಡು. ಆಗ ತಲೆಯಿಂದ ಕಾಲಿನವರೆಗಿನ ಒಂದು ದೊಡ್ಡ ಓರೆಗೆರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ಕಡೆ ಟ್ರಾಫಿಕ್ ನಿಂತಾಗ ನೆರಿಗೆ, ಬೆರಳು, ಸಿಡಿದ ಮಣ್ಣನ್ನೂ ಜನ ನೋಡುತ್ತಾರೆ. ಅದಕ್ಕೇ ಚಿತ್ರಕಾರರು ಮೊದಲು ಓರೆಗೆರೆ ಎಳೆದು, ಮುಖವನ್ನು ಆಮೇಲೆ ಬರೆಯುವುದು ಒಳ್ಳೆಯದು.