ವಾಹನದೊಳಗಿನ ಗಾಳಿ: ತಂಪು ಬೇರೆ, ತಾಜಾತನ ಬೇರೆ

ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೆ ಈರುಳ್ಳಿ, ಒಣಮೆಣಸಿನಕಾಯಿ ಮಾರಲು ಬರುವ ರೈತರೊಂದಿಗೆ ಮನೆಯ ಹಿರಿಯರೂ ಮಕ್ಕಳೂ ಕಾರಿನಲ್ಲಿ ಬರುವುದುಂಟು. ಲಾರಿಗಳ ಹೊಗೆ, ಧೂಳು, ಮೆಣಸಿನಕಾಯಿಯ ಘಾಟು ಒಳಗೆ ಬಾರದಿರಲೆಂದು ಗಾಜು ಏರಿಸಿ ಎ.ಸಿ. ಹಾಕುವುದು ಸಹಜ. ಆದರೆ ತಂಪಾದ ಗಾಳಿಯೆಲ್ಲವೂ ತಾಜಾ ಗಾಳಿಯಲ್ಲ. ಈ ವ್ಯತ್ಯಾಸವನ್ನು ಅರಿಯದಿದ್ದರೆ ಚಾಲಕನಿಗೆ ತೂಕಡಿಕೆಯೂ, ನಿಂತ ವಾಹನದಲ್ಲಿರುವ ಮಗುವಿಗೆ ಪ್ರಾಣಾಪಾಯವೂ ಒದಗಬಹುದು.

ಒಳಗಾಳಿ ಮತ್ತು ಹೊರಗಾಳಿ

ಕಾರಿನ ಚಿತ್ರದೊಳಗೆ ಬಾಗಿದ ಬಾಣದ ಗುರುತಿರುವ ಗುಂಡಿಯನ್ನು ಒತ್ತಿದಾಗ ಎ.ಸಿ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪುಗೊಳಿಸುತ್ತದೆ. ಸಾಧಾರಣ ಕಾರಿನೊಳಗೆ ಸುಮಾರು 3,000 ಲೀಟರ್ ಗಾಳಿ ಇರುತ್ತದೆ. ಕುಳಿತಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ನಾಲ್ವರಿದ್ದರೆ 15 ನಿಮಿಷಗಳಲ್ಲಿ 18 ಲೀಟರ್, ಅಂದರೆ ಒಳಗಿನ ಗಾಳಿಯ ಶೇ. 0.6ರಷ್ಟು. ಹೊರಗಿನ ಗಾಳಿಯಲ್ಲಿ ಇದರ ಪ್ರಮಾಣ ಶೇ. 0.04 ಮಾತ್ರ. ಸಂದುಗಳಿಂದ ಒಂದಿಷ್ಟು ಗಾಳಿ ನುಸುಳುವುದರಿಂದ ವಾಸ್ತವ ಪ್ರಮಾಣ ಈ ಲೆಕ್ಕಕ್ಕಿಂತ ಕಡಿಮೆಯಿದ್ದರೂ ಹೊರಗಿನದಕ್ಕಿಂತ ಹಲವು ಪಟ್ಟು ಹೆಚ್ಚೇ ಇರುತ್ತದೆ. ಇದರಿಂದ ತಲೆಭಾರ, ಮಂಪರು ಉಂಟಾಗಿ ಚಾಲಕನ ಎಚ್ಚರ ಕುಗ್ಗಬಹುದು.

ಆದ್ದರಿಂದ ಹೊಗೆ, ಧೂಳು, ಘಾಟು ಇರುವಲ್ಲಿ ಮಾತ್ರ ಕೆಲ ನಿಮಿಷ ಒಳಗಾಳಿಯನ್ನು ಬಳಸಿ, ಆ ಸ್ಥಳ ದಾಟಿದೊಡನೆ ಹೊರಗಾಳಿಗೆ ಬದಲಿಸುವುದು ಸೂಕ್ತ. ಧೂಳಿನ ದಾರಿಯಲ್ಲಿ ಓಡುವ ವಾಹನಗಳ ಕ್ಯಾಬಿನ್ ಫಿಲ್ಟರನ್ನು ಆಗಾಗ ಪರೀಕ್ಷಿಸಿ ಬದಲಿಸಬೇಕು. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಏರುವ ಮುನ್ನ ಎಲ್ಲ ಬಾಗಿಲುಗಳನ್ನೂ ತೆರೆದು ಬಿಸಿಗಾಳಿಯನ್ನು ಹೊರಹೋಗಗೊಡಬೇಕು.

ನಿಂತ ವಾಹನದ ಅಪಾಯ

ಗಾಜಿನ ಮೂಲಕ ಬಿಸಿಲು ಒಳಬರುತ್ತದೆ. ಕಾದ ಆಸನಗಳ ಶಾಖ ಅಷ್ಟೇ ಸುಲಭವಾಗಿ ಹೊರಹೋಗದು. ಹೊರಗೆ 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಅರ್ಧ ಗಂಟೆಯೊಳಗೆ ಒಳಗಿನ ಉಷ್ಣತೆ 50 ಡಿಗ್ರಿ ದಾಟಬಲ್ಲದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ಮಕ್ಕಳ ದೇಹ ವಯಸ್ಕರ ದೇಹಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ತೂಕ ಮುಗಿಸಿ ಐದು ನಿಮಿಷದಲ್ಲಿ ಬರುವೆನೆಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಎಂದಿಗೂ ಸಲ್ಲದು.

ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ವಾಹನದಲ್ಲಿ ಮಲಗುವುದೂ ಅಪಾಯಕರ. ಮುಚ್ಚಿದ ಶೆಡ್ಡಿನಲ್ಲಂತೂ ಪ್ರಾಣಾಂತಿಕ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುವುದರಿಂದ ಮಲಗಿದವರಿಗೆ ಎಚ್ಚರವಾಗುವ ಅವಕಾಶವೇ ಇರದು.

ಸದಸ್ಯರಿಂದ ಆಗಬೇಕಾದುದು

ಬೇಸಿಗೆಗೆ ಮುನ್ನ ನಡೆಯುವ ಗ್ರಾಮ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡುವುದು ಅಪೇಕ್ಷಣೀಯ. ಬಾಡಿಗೆ ವಾಹನ ಹಾಗೂ ಶಾಲಾ ವಾಹನಗಳ ಚಾಲಕರನ್ನು ಸಭೆಗೆ ಕರೆಯಬೇಕು. ಇಳಿಯುವಾಗ ಹಿಂದಿನ ಆಸನವನ್ನು ತಿರುಗಿ ನೋಡುವುದು, ಮನೆಯ ಮುಂದೆ ನಿಂತ ಕಾರಿಗೂ ಬೀಗ ಹಾಕಿ ಕೀಲಿಯನ್ನು ಮಕ್ಕಳ ಕೈಗೆಟುಕದಂತೆ ಇಡುವುದು ರೂಢಿಯಾಗಬೇಕು. ಮಗು ಕಾರಿನೊಳಗೆ ಸಿಲುಕಿ ಬಾಗಿಲು ತೆರೆಯದಿದ್ದಲ್ಲಿ, ಮಗುವಿನಿಂದ ದೂರದ ಗಾಜನ್ನು ಒಡೆದು ಹೊರತೆಗೆಯಬೇಕು. ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ತಣಿಸುತ್ತ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು. ಗಾಜಿನ ಬೆಲೆಯನ್ನು ಲೆಕ್ಕ ಹಾಕುತ್ತ ನಿಲ್ಲುವ ಸಮಯ ಅದಲ್ಲ.